ಮನೆ ಕಟ್ಟಿ, ಮನೆಯವನಾಗಿ ಬಾಳಿದ ಬೇಕರ್

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಈ ಎರಡು ಕೆಲಸಗಳಲ್ಲಿ ಮನುಷ್ಯನ ಉಳಿತಾಯ ಕರಗುತ್ತದೆ, ತಾಳ್ಮೆ ಪರೀಕ್ಷೆಗೊಳಗಾಗುತ್ತದೆ ಎಂಬುದು ಹಿರಿಯರ ಅನುಭವದ ಮಾತು. ಇಂದು ಸ್ಮರಿಸುತ್ತಿರುವ ವ್ಯಕ್ತಿ ಈ ಗಾದೆಯ ಎರಡೂ ಪರೀಕ್ಷೆಗಳನ್ನು ನಗುನಗುತ್ತ ದಾಟಿದವರು. ಎರಡೂ ಮನೆತನಗಳ ಒಪ್ಪಿಗೆ ಸುಲಭವಾಗಿ ದೊರೆಯದ ಮದುವೆಯನ್ನು ಮಾಡಿಕೊಂಡು ಐವತ್ತೆಂಟು ವರ್ಷಗಳಿಗೂ ಮಿಕ್ಕಿ ಸಂಸಾರ ನಡೆಸಿದರು. ಬಡವರಿಗೂ ಉಳ್ಳವರಿಗೂ ಸೇರಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಕೊಟ್ಟು, ಮನೆ ಕಟ್ಟುವುದೆಂದರೆ ಸಾಲಗಾರನಾಗುವುದು ಎಂಬ ನಂಬಿಕೆಯನ್ನು ತಮ್ಮ ಕೈಕೆಲಸದಿಂದಲೇ ಅಲ್ಲಗಳೆದರು. ಅವರೇ ಲಾರಿ ಬೇಕರ್. ಜನನ 1917ರ ಮಾರ್ಚ್ 2, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಮರಣ 2007ರ ಏಪ್ರಿಲ್ 1, ಕೇರಳದ ತಿರುವನಂತಪುರದಲ್ಲಿ, ತಾವೇ ಕಟ್ಟಿಕೊಂಡ ಮನೆಯಲ್ಲಿ.

ವಾಸ್ತುಶಿಲ್ಪಿಗಳ ಸ್ಮರಣೆ ಪೇಟೆಯ ಸಂಗತಿಯಲ್ಲವೆ, ಗುಡ್ಡಗಾಡಿನ ಜನರಿಗೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳಬಹುದು. ಬೇಕರ್ ಅವರ ಬದುಕಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೆಟ್ಟದ ಮೇಲೆಯೇ ಕಳೆದವು. ಅವರು ವಿದ್ಯೆ ಕಲಿತದ್ದು ಬರ್ಮಿಂಗ್‌ಹ್ಯಾಮಿನ ಶಾಲೆಯಲ್ಲಾದರೂ, ಆ ವಿದ್ಯೆಯನ್ನು ತಿದ್ದಿಕೊಂಡದ್ದು ಹಿಮಾಲಯದ ಹಳ್ಳಿಗರ ಜಗಲಿಯ ಮೇಲೆ. ಇಳಿಜಾರಿನಲ್ಲಿ ಬದುಕುವವರು ಅವರಿಂದ ಕಲಿಯಬೇಕಾದದ್ದು ಬಹಳಷ್ಟಿದೆ. ಅದಕ್ಕೂ ಮಿಗಿಲಾಗಿ, ಅವರು ಇಳಿಜಾರಿನ ಜನರಿಂದ ಕಲಿತದ್ದನ್ನು ನಮ್ಮವರು ಇಂದು ಮರೆಯುತ್ತಿದ್ದಾರೆ.

ಬಟ್ಟೆಯ ಪಾದರಕ್ಷೆ ಮತ್ತು ಗಾಂಧೀಜಿ

ಬೇಕರ್ ಅವರ ತಂದೆ ಲೆಕ್ಕಪತ್ರದ ವೃತ್ತಿಯಲ್ಲಿದ್ದವರು, ಕುಟುಂಬ ಮೆಥಡಿಸ್ಟ್ ಪಂಥದ್ದು. ಹರೆಯದಲ್ಲಿ ಲಾರಿ ಕ್ವೇಕರ್ ಪಂಥದತ್ತ ಒಲಿದರು. ಆಡಂಬರವಿಲ್ಲದ ಬದುಕು, ಮೌನ ಪ್ರಾರ್ಥನೆ, ಯುದ್ಧದ ನಿರಾಕರಣೆ ಆ ಪಂಥದ ಮುಖ್ಯ ನಡೆಗಳು. 1937ರಲ್ಲಿ ವಾಸ್ತುಶಿಲ್ಪದ ಪದವಿ ಮುಗಿಸಿ ಹೊರಬಂದ ಎರಡೇ ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಕೋವಿ ಹಿಡಿಯಲು ಒಪ್ಪದ ಯುವಕ, ಕ್ವೇಕರರ ಆಂಬುಲೆನ್ಸ್ ದಳವನ್ನು ಸೇರಿದರು. ಅರಿವಳಿಕೆ ನೀಡುವ ಕೆಲಸವನ್ನು ಕಲಿತರು. ಚೀನಾಕ್ಕೆ ಹೋಗಿ ಒಳನಾಡಿನಲ್ಲಿ ಕುಷ್ಠರೋಗಿಗಳ ಶುಶ್ರೂಷೆಗೆ ನಿಂತರು. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಮುರಿದ ಮಂಚ ರಿಪೇರಿ ಮಾಡುವುದು, ಹೀಗೆ ಕೈಗೆ ಬಂದ ಯಾವ ಕೆಲಸವನ್ನೂ ಕೀಳೆಂದು ತಿಳಿಯದ ಮನೋಧರ್ಮ ಅಲ್ಲಿಯೇ ರೂಢಿಸಿತು.

ಊರಿಗೆ ಮರಳುವ ದಾರಿಯಲ್ಲಿ ಮುಂಬಯಿಯಲ್ಲಿ ಹಡಗಿಗಾಗಿ ಸುಮಾರು ಮೂರು ತಿಂಗಳು ಕಾಯಬೇಕಾಯಿತು. ಅವರು ಉಳಿದುಕೊಂಡಿದ್ದ ಕ್ವೇಕರ್ ಸ್ನೇಹಿತರಿಗೆ ಗಾಂಧೀಜಿಯವರ ಒಡನಾಟವಿತ್ತು. ಗಾಂಧೀಜಿಯವರ ಸಭೆಗಳಿಗೆ ಹೋಗುತ್ತಿದ್ದ ಈ ಯುವಕನ ಕಾಲಲ್ಲಿ, ಚೀನಾದಲ್ಲಿ ರೂಢಿಯಲ್ಲಿದ್ದಂತೆ ಹಳೆಯ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಮಾಡಿದ ಪಾದರಕ್ಷೆಗಳಿದ್ದವು. ಅವು ಗಾಂಧೀಜಿಯವರ ಕಣ್ಣಿಗೆ ಬಿದ್ದವು. ಮಾತು ಬೆಳೆಯಿತು. ಆದರ್ಶ ಗ್ರಾಮದ ಮನೆಯನ್ನು ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಕಟ್ಟಬೇಕೆಂಬುದು ಗಾಂಧೀಜಿಯವರ ವಿಚಾರವಾಗಿತ್ತು. ಈ ವಿಚಾರ ಬೇಕರ್ ಅವರ ಮನಸ್ಸಿನಲ್ಲಿ ಬೀಜದಂತೆ ಉಳಿಯಿತು; ಮೊಳೆಯಲು ಮಾತ್ರ ಹಲವು ಮಳೆಗಾಲಗಳು ಬೇಕಾದವು. ಪೇಟೆಯಲ್ಲಿ ಬೆಳೆದ, ಉಕ್ಕು ಸಿಮೆಂಟುಗಳ ಪಾಠ ಓದಿದ ಯುವಕನಿಗೆ ಅದರ ಪೂರ್ಣ ಅರ್ಥ ಆಗ ಹೊಳೆದಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಮಧುಚಂದ್ರ ಹದಿನಾರು ವರ್ಷ ನಡೆಯಿತು

1945ರಲ್ಲಿ ಅವರು ಕುಷ್ಠರೋಗಿಗಳ ಸೇವಾಸಂಸ್ಥೆಯೊಂದರ ವಾಸ್ತುಶಿಲ್ಪಿಯಾಗಿ ಭಾರತಕ್ಕೆ ಮರಳಿದರು. ಕುಷ್ಠರೋಗಕ್ಕೆ ಔಷಧ ದೊರೆಯತೊಡಗಿದ್ದ ಕಾಲವದು. ರೋಗಿಗಳನ್ನು ಕೂಡಿಹಾಕುತ್ತಿದ್ದ ಆಶ್ರಯತಾಣಗಳನ್ನು ಗುಣಪಡಿಸುವ ಆಸ್ಪತ್ರೆಗಳಾಗಿ ಮಾರ್ಪಡಿಸುವುದು ಅವರ ಹೊಣೆಯಾಗಿತ್ತು. ಉತ್ತರ ಪ್ರದೇಶದ ಫೈಜಾಬಾದಿನಲ್ಲಿ, ಆಳುಕಾಳುಗಳಿಂದ ತುಂಬಿದ ಬಂಗಲೆಯ ಬದುಕು ಒಗ್ಗದೆ, ಮಲಯಾಳಿ ವೈದ್ಯರೊಬ್ಬರ ಮನೆಯಲ್ಲಿ ವಾಸಕ್ಕೆ ನಿಂತರು. ಆ ವೈದ್ಯರ ತಂಗಿ ಎಲಿಜಬೆತ್ ಜೇಕಬ್ ಅವರೂ ವೈದ್ಯೆ. ಅಣ್ಣನ ಆಸ್ಪತ್ರೆಯ ನೆರವಿಗೆಂದು ಬಂದಾಗ ಪರಿಚಯವಾಯಿತು, ಪರಿಚಯ ಪ್ರೀತಿಯಾಯಿತು. ದೇಶ ಬೇರೆ, ಭಾಷೆ ಬೇರೆ, ರೂಢಿ ಬೇರೆ. ಎರಡೂ ಕಡೆಯ ಹಿರಿಯರ ಅಸಮ್ಮತಿಯನ್ನು ಜಗಳವಾಡದೆ, ಕಾದು ಗೆದ್ದು, 1948ರಲ್ಲಿ ಮದುವೆಯಾದರು.

ಮದುವೆಯ ನಂತರ ದಂಪತಿಗಳು ಕುಮಾಂವ್ ಪ್ರಾಂತದ ಪಿಥೌರಾಗಢದ ಬೆಟ್ಟಗಳಲ್ಲಿ ಕಾಲ್ನಡಿಗೆಯ ಪ್ರವಾಸಕ್ಕೆ ಹೊರಟರು. ಬಂದವಳು ಡಾಕ್ಟರಮ್ಮ ಎಂಬ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿತು. ಸುತ್ತಲಿನ ಹಳ್ಳಿಗಳಿಂದ ರೋಗಿಗಳು ಬರತೊಡಗಿದರು. ವೈದ್ಯರ ಮುಖವನ್ನೇ ಕಾಣದಿದ್ದ ಆ ನೆಲವನ್ನು ಬಿಟ್ಟು ಹೊರಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಮಧುಚಂದ್ರಕ್ಕೆಂದು ಹೋದವರು ಸುಮಾರು ಹದಿನಾರು ವರ್ಷ ಅಲ್ಲಿಯೇ ಉಳಿದರು. ಚಂಡಾಕ್ ಎಂಬಲ್ಲಿ ಬೆಟ್ಟದ ಓರೆಯಲ್ಲಿ ಮನೆಯನ್ನೂ ಆಸ್ಪತ್ರೆಯನ್ನೂ ಕಟ್ಟಿಕೊಂಡರು.

ಆ ಸಂಸಾರದ ಕೆಲಸದ ಹಂಚಿಕೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಆಸ್ಪತ್ರೆಯ ಯಜಮಾನಿಕೆ ಎಲಿಜಬೆತ್ ಅವರದು. ಬೇಕರ್ ಅಲ್ಲಿ ಸಹಾಯಕ. ಶಸ್ತ್ರಚಿಕಿತ್ಸೆಯಿದ್ದರೆ ಅರಿವಳಿಕೆ ನೀಡುವವರು ಅವರೇ, ಶುಶ್ರೂಷೆ ಮಾಡುವವರೂ ಅವರೇ. ಗೋಡೆ ಎಬ್ಬಿಸುವವರೂ ಬಾಗಿಲು ಜೋಡಿಸುವವರೂ ಅವರೇ. ಹೆಂಡತಿಯ ವೃತ್ತಿಯ ಹಿಂದೆ ಗಂಡ ನಿಂತು ದುಡಿಯುವುದನ್ನು 1950ರ ದಶಕದಲ್ಲಿ, ಅದೂ ಹಿಮಾಲಯದ ಹಳ್ಳಿಯೊಂದರಲ್ಲಿ, ಊಹಿಸಿಕೊಳ್ಳಿ. ಅದನ್ನು ಅವರು ತ್ಯಾಗವೆಂದು ಹೇಳಿಕೊಳ್ಳಲಿಲ್ಲ, ತತ್ವವೆಂದು ಸಾರಲಿಲ್ಲ. ಮನೆಯೆಂದ ಮೇಲೆ ಇಬ್ಬರೂ ಮಾಡಬೇಕು, ಯಾರಿಗೆ ಯಾವುದು ಬರುತ್ತದೋ ಅದನ್ನು ಮಾಡಬೇಕು ಎಂಬ ಸರಳ ತಿಳಿವಳಿಕೆ ಅದು. ಈ ದಂಪತಿಗಳಿಗೆ ಮೂವರು ಮಕ್ಕಳು, ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳು. ಮುಂದೆ ಎಲಿಜಬೆತ್ ಅವರು ಪತಿಯನ್ನು ಕುರಿತು ಬರೆದ ನೆನಪುಗಳ ಪುಸ್ತಕವೂ ಪ್ರಕಟವಾಯಿತು.

ಹಳ್ಳಿಗರು ಕಲಿಸಿದ ಪಾಠ

ವಾಸ್ತುಶಿಲ್ಪಿ ಬೇಕರ್ ಹೊಸದಾಗಿ ಹುಟ್ಟಿದ್ದು ಈ ಬೆಟ್ಟದ ಮೇಲೆಯೇ. ಊರಿನಿಂದ ತಂದ ಪಠ್ಯಪುಸ್ತಕಗಳಲ್ಲಿ ಅಲ್ಲಿನ ಯಾವ ಸಾಮಗ್ರಿಯ ಪ್ರಸ್ತಾಪವೂ ಇರಲಿಲ್ಲ. ಕಾಡುಕಲ್ಲು, ಮಣ್ಣು, ಸಗಣಿ, ಹುಲ್ಲು, ಬಿದಿರು ಇವುಗಳಿಂದ ಮನೆ ಕಟ್ಟುವುದು ಹೇಗೆಂದು ಯಾವ ಅಧ್ಯಾಪಕರೂ ಹೇಳಿಕೊಟ್ಟಿರಲಿಲ್ಲ. ಪುಸ್ತಕ ಬದಿಗಿಟ್ಟು ಅವರು ಸುತ್ತಲಿನ ಮನೆಗಳನ್ನು ನೋಡತೊಡಗಿದರು. ಕಲ್ಲಿನ ದಪ್ಪ ಗೋಡೆ, ಮೇಲೆ ಚಪ್ಪಡಿಕಲ್ಲಿನ ಮಾಡು, ಕೆಳಗಿನ ಅಂತಸ್ತಿನಲ್ಲಿ ದನಕರು, ಮೇಲೆ ಮನುಷ್ಯರು. ದನಗಳ ಮೈಯ ಕಾವು ಚಳಿಗಾಲದಲ್ಲಿ ಮೇಲಿನವರಿಗೆ ಬೆಚ್ಚನೆಯ ಆಸರೆ. ಬೆಟ್ಟವನ್ನು ಕಡಿಯದೆ, ಅದರ ಮಟ್ಟಗಳನ್ನು ಅನುಸರಿಸಿ ಸಾಲುಸಾಲಾಗಿ ನಿಂತ ಮನೆಗಳು. ಇವೆಲ್ಲ ಅಜ್ಞಾನದ ಫಲವಲ್ಲ, ನೂರಾರು ತಲೆಮಾರುಗಳು ಮಾಡಿ ನೋಡಿ, ಸೋತು ತಿದ್ದಿ, ಉಳಿಸಿಕೊಂಡ ಸಂಶೋಧನೆಯ ಫಲ ಎಂಬುದನ್ನು ಅವರು ಕಂಡುಕೊಂಡರು. ಸ್ಥಳೀಯ ಕಲ್ಲುಕುಟಿಗರ ಮತ್ತು ಬಡಗಿಗಳ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದರು. ಪದವೀಧರ ಶಿಷ್ಯನಾದ, ಕಲ್ಲುಕುಟಿಗ ಗುರುವಾದ.

ಜನರೊಡನೆ ಬೆರೆಯುವ ಗುಣ ಇಲ್ಲಿ ಬರಿಯ ಸ್ವಭಾವದ ಸಂಗತಿಯಾಗಿ ಉಳಿಯಲಿಲ್ಲ, ಜ್ಞಾನದ ದಾರಿಯಾಯಿತು. ಜಗಲಿಯಲ್ಲಿ ಕುಳಿತು ಹರಟದಿದ್ದರೆ, ಗೋಡೆ ಏಕೆ ಅಷ್ಟು ದಪ್ಪ, ಕಿಟಕಿ ಏಕೆ ಅಷ್ಟು ಚಿಕ್ಕದು ಎಂಬುದು ತಿಳಿಯುತ್ತಿರಲಿಲ್ಲ. ಮನೆಯವರ ಬದುಕನ್ನು ಬಲ್ಲವನು ಮಾತ್ರ ಅವರ ಮನೆಯನ್ನು ಕಟ್ಟಬಲ್ಲನೆಂಬುದು ಮುಂದೆ ಅವರ ವೃತ್ತಿಯ ಮೊದಲ ನಿಯಮವಾಯಿತು.

1963ರಲ್ಲಿ ದಂಪತಿಗಳು ದಕ್ಷಿಣಕ್ಕೆ ಬಂದು ಕೇರಳದ ವಾಗಮೋನ್ ಬೆಟ್ಟಗಳಲ್ಲಿ ನೆಲೆಸಿದರು. ಅದು ನಮ್ಮದೇ ಸಹ್ಯಾದ್ರಿಯ ದಕ್ಷಿಣದ ತುದಿಗೆ ಸೇರಿದ ಮಳೆನಾಡು. ಅಲ್ಲಿಯೂ ಆಸ್ಪತ್ರೆ, ಅಲ್ಲಿಯೂ ಮನೆ ಕಟ್ಟುವ ಕೆಲಸ. 1970ರ ಹೊತ್ತಿಗೆ ತಿರುವನಂತಪುರಕ್ಕೆ ಇಳಿದರು. ಐವತ್ತು ದಾಟಿದ ಮೇಲೆ, ಅನೇಕರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ, ಅವರ ಹೆಸರು ನಾಡಿಗೆ ತಿಳಿಯುವ ಕೆಲಸ ಆರಂಭವಾಯಿತು.

ಇಟ್ಟಿಗೆಯ ಲೆಕ್ಕ, ಹೆಂಚಿನ ಲೆಕ್ಕ

ಬೇಕರ್ ಅವರ ಕಟ್ಟಡಗಳನ್ನು ಕಂಡವರು ಮೊದಲು ಮೆಚ್ಚುವುದು ಅವುಗಳ ಚೆಲುವನ್ನು. ಆ ಚೆಲುವಿನ ಹಿಂದೆ ಗಟ್ಟಿಯಾದ ಲೆಕ್ಕವಿದೆ. ವಿದ್ಯಾರ್ಥಿಗಳು ಅದನ್ನು ತಿಳಿಯಬೇಕು.

ಮೊದಲನೆಯದು ಗೋಡೆ. ಸಾಮಾನ್ಯವಾಗಿ ಇಟ್ಟಿಗೆಯನ್ನು ಮಲಗಿಸಿ ಕಟ್ಟುತ್ತಾರೆ. ಬೇಕರ್ ಇಟ್ಟಿಗೆಯನ್ನು ಮಗ್ಗುಲಿಗೆ ನಿಲ್ಲಿಸಿ, ಎರಡು ಸಾಲುಗಳ ನಡುವೆ ಟೊಳ್ಳು ಉಳಿಯುವಂತೆ ಕಟ್ಟಿಸಿದರು. ಈ ಕಟ್ಟಿಗೆ ರ‍್ಯಾಟ್ ಟ್ರ್ಯಾಪ್ ಎಂದು ಹೆಸರು. ಇಲಿಬೋನಿನಂತೆ ಒಳಗೆ ಖಾಲಿ ಜಾಗವಿರುವುದರಿಂದ ಆ ಹೆಸರು. ಗೋಡೆಯ ದಪ್ಪ ಅದೇ ಒಂಬತ್ತು ಅಂಗುಲ. ಆದರೆ ಇಟ್ಟಿಗೆಯಲ್ಲಿ ಸುಮಾರು ಶೇಕಡ 25ರಷ್ಟು ಉಳಿತಾಯ, ಗಾರೆಯಲ್ಲಿಯೂ ಉಳಿತಾಯ. ನಡುವಿನ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಮೊದಲೇ ಇದ್ದ ಈ ವಿಧಾನವನ್ನು ಇಲ್ಲಿನ ಗಾರೆ ಕೆಲಸದವರಿಗೆ ಕಲಿಸಿ ರೂಢಿಗೆ ತಂದದ್ದು ಅವರ ಹೆಚ್ಚುಗಾರಿಕೆ.

ಎರಡನೆಯದು ತಾರಸಿ. ಕಾಂಕ್ರೀಟಿನ ಚಪ್ಪಡಿಗೆ ಮೇಲಿನಿಂದ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಒತ್ತುವಿಕೆಯನ್ನು ತಾಳಲು ಕಾಂಕ್ರೀಟು ಸಮರ್ಥ. ಎಳೆತವನ್ನು ತಾಳುವುದು ಕಬ್ಬಿಣದ ಸರಳು. ಹಾಗಾದರೆ ಕೆಳಭಾಗದಲ್ಲಿ ಸರಳುಗಳ ನಡುವೆ ತುಂಬಿದ ಕಾಂಕ್ರೀಟು ಭಾರವನ್ನು ಹೆಚ್ಚಿಸುವುದಲ್ಲದೆ ಮಾಡುವುದೇನು? ಆ ಜಾಗದಲ್ಲಿ ಹಗುರವಾದ ಮತ್ತೇನನ್ನಾದರೂ ಇಡಬಹುದಲ್ಲವೆ? ಬೇಕರ್ ಅಲ್ಲಿ ಇಟ್ಟದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಕರಾವಳಿ ಮಲೆನಾಡುಗಳ ಮಾಡನ್ನೆಲ್ಲ ಆವರಿಸಿದ ಅದೇ ಹೆಂಚು. ಹಳೆಯ ಮನೆ ಕೆಡವಿದಾಗ ಮೂಲೆಗೆ ಬೀಳುವ ಹೆಂಚುಗಳನ್ನು ಸರಳುಗಳ ಚೌಕದೊಳಗೆ ಜೋಡಿಸಿ ಮೇಲೆ ಕಾಂಕ್ರೀಟು ಸುರಿದರೆ ತಾರಸಿ ಹಗುರವಾಗುತ್ತದೆ, ಸಿಮೆಂಟೂ ಕಬ್ಬಿಣವೂ ಉಳಿಯುತ್ತವೆ. ಇದಕ್ಕೆ ಫಿಲ್ಲರ್ ಸ್ಲ್ಯಾಬ್ ಎನ್ನುತ್ತಾರೆ. ಇಂದು ಇದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ.

ಮೂರನೆಯದು ಮರ. ಕಿಟಕಿಗೆ ದಾರವಂದ ಏಕೆ ಬೇಕೆಂದು ಬೇಕರ್ ಕೇಳಿದರು. ಒಂದೇ ಹಲಗೆಯ ಕದವನ್ನು ಗೋಡೆಯಲ್ಲಿಯೇ ತಿರುಗುವಂತೆ ಕೂರಿಸಿದರೆ ಕಿಟಕಿಯಾಯಿತು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದರೆ ಅದೇ ಜಾಲಂಧ್ರ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಕಳ್ಳ ಬರುವುದಿಲ್ಲ. ಹಳೆಯ ಮನೆಗಳ ಬಾಗಿಲು, ಕಂಬ, ಹಲಗೆಗಳನ್ನು ಹುಡುಕಿ ತಂದು ಮರುಬಳಕೆ ಮಾಡಿದರು. ಹೀಗೆ ಉಳಿಸಿದ ಪ್ರತಿಯೊಂದು ಘನ ಅಡಿ ನಾಟವೂ ಕಾಡಿನಲ್ಲಿ ನಿಂತೇ ಉಳಿದ ಮರದ ಪಾಲು.

ನಾಲ್ಕನೆಯದು ಗಿಲಾವು. ಚೆನ್ನಾಗಿ ಸುಟ್ಟ ಇಟ್ಟಿಗೆಗೆ, ಚೆನ್ನಾಗಿ ಕೆತ್ತಿದ ಕಲ್ಲಿಗೆ ತನ್ನದೇ ಬಣ್ಣವಿದೆ. ಅದರ ಮೇಲೆ ಸಿಮೆಂಟು ಬಳಿದು, ಬಳಿದದ್ದರ ಮೇಲೆ ಬಣ್ಣ ಹೊಡೆದು, ಹೊಡೆದದ್ದನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಯುವುದು ಯಾವ ಜಾಣತನ ಎಂಬುದು ಅವರ ಪ್ರಶ್ನೆ. ಮಾಡಲು ಹೊರಟ ಪ್ರತಿಯೊಂದು ಖರ್ಚಿನ ಮುಂದೆ ನಿಂತು 'ಇದು ಅವಶ್ಯವೆ?' ಎಂದು ಕೇಳಿಕೊಳ್ಳಿರಿ ಎಂಬುದೇ ಅವರು ಬರೆದ ಚಿಕ್ಕ ಚಿಕ್ಕ ಕೈಪಿಡಿಗಳ ಒಟ್ಟು ಸಾರ. ಆ ಕೈಪಿಡಿಗಳನ್ನು ಅವರು ತಮ್ಮದೇ ಕೈಬರಹದಲ್ಲಿ, ತಮ್ಮದೇ ಚಿತ್ರಗಳೊಂದಿಗೆ, ಹಾಸ್ಯ ಬೆರೆಸಿ ಬರೆದರು.

ಈ ಲೆಕ್ಕಗಳ ಹಿಂದೆ ಮತ್ತೊಂದು ದೊಡ್ಡ ಲೆಕ್ಕವಿತ್ತು. ಸಿಮೆಂಟು ತಯಾರಿಸಲು ಸುಣ್ಣದ ಕಲ್ಲನ್ನು ಅತಿಯಾದ ಶಾಖದಲ್ಲಿ ಸುಡಬೇಕು. ಕಲ್ಲಿದ್ದಲೂ ಉರಿಯುತ್ತದೆ, ಕಲ್ಲಿನೊಳಗಿನ ಇಂಗಾಲವೂ ಅನಿಲವಾಗಿ ಮೇಲೇರುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇಕಡ 7ರಿಂದ 8 ಸಿಮೆಂಟಿನದೇ ಪಾಲು ಎಂಬುದು ಇಂದು ಎಲ್ಲರಿಗೂ ತಿಳಿದ ಅಂಕಿ. ಹವಾಮಾನ ಬದಲಾವಣೆಯ ಮಾತು ಮನೆಮಾತಾಗುವ ಮೊದಲೇ ಬೇಕರ್ ಕಟ್ಟಡ ಸಾಮಗ್ರಿಯನ್ನು ಅದು ನುಂಗುವ ಇಂಧನದಿಂದ ಅಳೆಯಬೇಕೆಂದು ವಾದಿಸಿದ್ದರು. ಇಟ್ಟಿಗೆ ಸುಡಲು ಬೇಕಾಗುವ ಸೌದೆಯ ಬಗೆಗೂ ಅವರಿಗೆ ಅಳುಕಿತ್ತು. ಸುಡದ ಮಣ್ಣಿಗೆ ಇಂಧನವೇ ಬೇಡವಾದ್ದರಿಂದ, ಕೊನೆಯ ವರ್ಷಗಳಲ್ಲಿ ಮಣ್ಣಿನ ಮನೆಯನ್ನು ಅವರು ಮತ್ತೆ ಮತ್ತೆ ಎತ್ತಿ ಹಿಡಿದರು.

ಎಲ್ಲರ 'ಡ್ಯಾಡಿ'

ತಿರುವನಂತಪುರದಲ್ಲಿ ಅವರ ಕೆಲಸದ ರೀತಿಯೇ ಬೇರೆಯಾಗಿತ್ತು. ಗುತ್ತಿಗೆದಾರರನ್ನು ನಡುವೆ ತರದೆ, ಸ್ವತಃ ನಿವೇಶನಕ್ಕೆ ಹೋಗಿ, ಮೇಸ್ತ್ರಿಗಳ ಜೊತೆ ನಿಂತು ಕೆಲಸ ಮಾಡಿಸುತ್ತಿದ್ದರು. ಬಂದ ಅಂಚೆಯ ಲಕೋಟೆಗಳ ಹಿಂಬದಿ, ಹಳೆಯ ಆಮಂತ್ರಣ ಪತ್ರಿಕೆಗಳ ಖಾಲಿ ಬದಿ, ಇವೇ ಅವರ ನಕ್ಷೆಯ ಕಾಗದ. ಮನೆ ಕಟ್ಟಿಸುವವರ ಜೊತೆ ಗಂಟೆಗಟ್ಟಲೆ ಮಾತು: ಅಡುಗೆ ಮಾಡುವವರು ಯಾರು, ಅಜ್ಜಿ ಎಲ್ಲಿ ಮಲಗುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ. ಕಟ್ಟುವ ಜಾಗದಲ್ಲಿ ಮರವಿದ್ದರೆ ಗೋಡೆ ಬಾಗುತ್ತಿತ್ತು, ಮರ ಉಳಿಯುತ್ತಿತ್ತು.

ವಾಸ್ತುಶಿಲ್ಪಿಯ ಶುಲ್ಕ ಒಟ್ಟು ವೆಚ್ಚದ ಇಂತಿಷ್ಟು ಪಾಲು ಎಂಬ ರೂಢಿಯಲ್ಲಿ ಒಂದು ದೋಷವಿದೆ: ಮನೆ ದುಬಾರಿಯಾದಷ್ಟೂ ಅವನಿಗೆ ಲಾಭ. ಬೇಕರ್ ಇದನ್ನು ಬಹಿರಂಗವಾಗಿ ಟೀಕಿಸಿದರು. ಅಗ್ಗದ ಮನೆ ಬಡವರಿಗೆ, ದುಬಾರಿ ಮನೆ ಉಳ್ಳವರಿಗೆ ಎಂಬ ವಿಂಗಡಣೆಯನ್ನೂ ಒಪ್ಪಲಿಲ್ಲ. ಉಳ್ಳವರೂ ವ್ಯರ್ಥ ಮಾಡಬಾರದು. ಒಬ್ಬರು ಪೋಲು ಮಾಡಿದ ಸಿಮೆಂಟು ಮತ್ತೊಬ್ಬರ ಗೋಡೆಗೆ ಸಿಗಲಾರದ ಸಿಮೆಂಟು ಎಂಬುದು ಅವರ ನ್ಯಾಯ.

ಅವರ ಕೆಲಸದ ಮೌಲ್ಯವನ್ನು ಮನಗಂಡವರಲ್ಲಿ ಕೇರಳದ ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೆನನ್ ಮತ್ತು ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಪ್ರಮುಖರು. ತಿರುವನಂತಪುರದ ಉಳ್ಳೂರಿನಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣ 1970ರ ದಶಕದಲ್ಲಿ ಅವರ ಕೈಯಲ್ಲಿ ರೂಪುಗೊಂಡಿತು. ಗುಡ್ಡದ ಏರಿಳಿತವನ್ನು ಕೆಡಿಸದೆ, ಮರಗಳ ನಡುವೆ ನುಸುಳಿ ಬೆಳೆದ ಆ ಆವರಣದಲ್ಲಿ ಹಲವು ಅಂತಸ್ತಿನ ಇಟ್ಟಿಗೆಯ ಗ್ರಂಥಾಲಯವಿದೆ. ತಂಪಾನೂರು ಬಸ್ ನಿಲ್ದಾಣದ ಬಳಿಯ ಇಂಡಿಯನ್ ಕಾಫಿ ಹೌಸ್ ಶಂಖದಂತೆ ಸುತ್ತಿಕೊಂಡು ಮೇಲೇರುವ ಕೆಂಪು ಕಟ್ಟಡ. ಮೆಟ್ಟಿಲಿಲ್ಲದ ಇಳಿಜಾರಿನ ನೆಲದ ಉದ್ದಕ್ಕೂ ಮೇಜುಗಳು. ಪೂಂತುರದಲ್ಲಿ ಮೀನುಗಾರರಿಗೆ, ಚೆಂಗಲ್ ಚೂಳದಲ್ಲಿ ಕೊಳೆಗೇರಿಯ ಜನರಿಗೆ ಮನೆಗಳು. 1985ರಲ್ಲಿ ಅಚ್ಯುತ ಮೆನನ್, ರಾಜ್, ಬೇಕರ್ ಮತ್ತು ಟಿ.ಆರ್. ಚಂದ್ರದತ್ ಸೇರಿ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ಎಳೆಯ ಎಂಜಿನಿಯರುಗಳಿಗೂ ಕೆಲಸಗಾರರಿಗೂ ಬೇಕರ್ 'ಡ್ಯಾಡಿ', ಎಲಿಜಬೆತ್ 'ಮಮ್ಮಿ'. ವೃತ್ತಿಯ ಶಿಷ್ಯರು ಮನೆಯ ಮಕ್ಕಳಾದರು.

ನಾಲಾಂಚಿರದ ಅವರ ಸ್ವಂತ ಮನೆ 'ದ ಹ್ಯಾಮ್ಲೆಟ್' ಒಂದೇ ಸಲಕ್ಕೆ ಕಟ್ಟಿ ಮುಗಿಸಿದ್ದಲ್ಲ. ಕಲ್ಲುಬಂಡೆಗಳ ಇಳಿಜಾರಿನಲ್ಲಿ ಚಿಕ್ಕದಾಗಿ ತೊಡಗಿ, ಸಂಸಾರದ ಅಗತ್ಯ ಹೆಚ್ಚಿದಂತೆ ಕೋಣೆಗೆ ಕೋಣೆ ಕೂಡಿ ಬೆಳೆಯಿತು. ಒಡೆದ ಮಡಕೆ, ಬಾಟಲಿಯ ಚೂರುಗಳೂ ಅಲ್ಲಿ ಗೋಡೆಯ ಅಲಂಕಾರವಾದವು. 1989ರಲ್ಲಿ ಅವರು ಭಾರತದ ಪೌರತ್ವ ಪಡೆದರು. 1990ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ಮಲೆನಾಡಿನ ಇಳಿಜಾರಿನಲ್ಲಿ ನಿಂತು

ಈಗ ನಮ್ಮ ಊರುಗಳತ್ತ ಕಣ್ಣು ಹಾಯಿಸೋಣ. ಎರಡು ತಲೆಮಾರುಗಳ ಹಿಂದಿನ ಮಲೆನಾಡಿನ ಮನೆಯಲ್ಲಿ ಗಾಂಧೀಜಿಯವರ ಐದು ಮೈಲಿಯ ನಿಯಮ ಹೇಳದೆಯೇ ಪಾಲನೆಯಾಗುತ್ತಿತ್ತು. ಅಡಿಪಾಯಕ್ಕೆ ಕಾಡುಕಲ್ಲು, ಗೋಡೆಗೆ ಮಣ್ಣು ಅಥವಾ ಜಂಬಿಟ್ಟಿಗೆ, ನೆಲಕ್ಕೆ ಸಗಣಿ, ಜಂತಿಗೆ ಅಡಕೆಯ ದಬ್ಬೆ. ಹೊರಗಿನಿಂದ ಬರುತ್ತಿದ್ದುದು ಹೆಂಚು ಮತ್ತು ಕಬ್ಬಿಣದ ಮೊಳೆ. ಮಳೆಯ ಇರಚಲು ಗೋಡೆಯನ್ನು ಮುಟ್ಟದಂತೆ ಸೂರು ಮುಂದಕ್ಕೆ ಚಾಚಿರುತ್ತಿತ್ತು.

ಇಂದು ಮೊದಲು ಬರುವುದು ಜೆಸಿಬಿ. ಗುಡ್ಡವನ್ನು ನೆಟ್ಟಗೆ ಕಡಿದು ಸಮತಟ್ಟು ಜಾಗ ಮಾಡಲಾಗುತ್ತದೆ. ಮನೆಯ ಬೆನ್ನಿಗೆ ಇಪ್ಪತ್ತು ಅಡಿಯ ಧರೆ ನಿಲ್ಲುತ್ತದೆ. ಕಡಿದ ಮಣ್ಣನ್ನು ಕೆಳಗಿನ ಹಳ್ಳಕ್ಕೆ ಸುರಿದದ್ದರಿಂದ ಹಳ್ಳದ ದಾರಿ ಮುಚ್ಚುತ್ತದೆ. ಮೇಲಿನಿಂದ ಜಿನುಗುವ ಒರತೆಯ ನೀರಿಗೆ ಹಾದಿಯಿಲ್ಲದೆ ಅದು ಮಣ್ಣಿನೊಳಗೆ ಸೇರಿ ಭಾರವಾಗುತ್ತದೆ. ಆಷಾಢ ಶ್ರಾವಣಗಳ ಒಂದು ರಾತ್ರಿ ಧರೆ ಇಳಿದು ಬರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಅದೇ ತಿಂಗಳ 30ರಂದು ವಯನಾಡಿನಲ್ಲಿ ಗುಡ್ಡಗಳು ಕುಸಿದುದನ್ನು ನಾಡೇ ಕಂಡಿದೆ. ಪ್ರತಿಯೊಂದು ದುರಂತಕ್ಕೂ ಅದರದೇ ಕಾರಣಗಳಿವೆ. ಅತಿವೃಷ್ಟಿಯ ಪಾತ್ರವನ್ನೂ ಅಲ್ಲಗಳೆಯಲಾಗದು. ಆದರೆ ಇಳಿಜಾರಿನ ಬುಡವನ್ನು ಕಡಿದರೆ ಅದರ ನಿಲುವು ದುರ್ಬಲವಾಗುತ್ತದೆ ಎಂಬುದಕ್ಕೆ ವಿಜ್ಞಾನಿಗಳ ಸಾಕ್ಷಿಯೂ ಬೇಕಿಲ್ಲ, ಗುದ್ದಲಿ ಹಿಡಿದ ಪ್ರತಿಯೊಬ್ಬನೂ ಅದನ್ನು ಬಲ್ಲ. ಬೇಕರ್ ಮನೆಯನ್ನು ಗುಡ್ಡಕ್ಕೆ ಹೊಂದಿಸಿದರು. ನಾವು ಗುಡ್ಡವನ್ನು ಮನೆಗೆ ಹೊಂದಿಸಲು ಹೊರಟಿದ್ದೇವೆ.

ಹಣದ ಮಾತೂ ಇದೆ. ಪೇಟೆಯ ಮಾದರಿಯ ಚಪ್ಪಟೆ ತಾರಸಿಯನ್ನು ಸಾಲ ಮಾಡಿ ಹಾಕಿಸಿ, ಅದು ನಾಲ್ಕನೆಯ ಮಳೆಗಾಲಕ್ಕೆ ಸೋರತೊಡಗಿದಾಗ ಮೇಲೊಂದು ತಗಡಿನ ಮಾಡು ಹೊದಿಸಿದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಒಂದು ಮನೆಗೆ ಎರಡು ಮಾಡು, ಎರಡಕ್ಕೂ ಸಾಲ. ಇತ್ತ ಹಳೆಯ ಹೆಂಚುಗಳು ಹಿತ್ತಿಲಿನಲ್ಲಿ ಪಾಚಿಗಟ್ಟುತ್ತಿವೆ.

ಹಾಗೆಂದು ಬೇಕರ್ ಅವರ ವಿಧಾನಗಳನ್ನು ಇದ್ದಕ್ಕಿದ್ದಂತೆ ಎತ್ತಿ ತಂದು ಇಲ್ಲಿ ನೆಡಬೇಕೆಂದು ಅರ್ಥವಲ್ಲ. ಗಿಲಾವಿಲ್ಲದ ಟೊಳ್ಳು ಗೋಡೆಗೆ ಮಲೆನಾಡಿನ ಗಾಳಿಮಳೆ ನೇರವಾಗಿ ಬಡಿದರೆ ತೇವ ಒಳಗೆ ಇಳಿಯಬಹುದು. ಅಗಲವಾದ ಸೂರಿಲ್ಲದೆ ಅದು ನಡೆಯದು. ಹೆಂಚಿನ ತಾರಸಿಯಲ್ಲಿ ಸರಳಿನ ಸುತ್ತ ಕಾಂಕ್ರೀಟು ಸರಿಯಾಗಿ ಕೂಡದಿದ್ದರೆ ಸರಳು ತುಕ್ಕು ಹಿಡಿಯುತ್ತದೆ. ಅನುಭವವಿಲ್ಲದ ಕೈಗೆ ಅದನ್ನು ಒಪ್ಪಿಸಬಾರದು. ಮಣ್ಣಿನ ಗೋಡೆ ನೆಲದ ತೇವದಿಂದ ಮೇಲೆದ್ದ ಕಲ್ಲಿನ ಪಂಚಾಂಗವನ್ನೂ, ಗೆದ್ದಲಿನ ಮೇಲೆ ಸದಾ ಕಣ್ಣನ್ನೂ ಬೇಡುತ್ತದೆ. ಎಲ್ಲ ಊರಿಗೂ ಒಂದೇ ನಕ್ಷೆ ಎಂಬುದನ್ನು ಬೇಕರ್ ಅವರೇ ಒಪ್ಪುತ್ತಿರಲಿಲ್ಲ. ಅವರಿಂದ ತೆಗೆದುಕೊಳ್ಳಬೇಕಾದದ್ದು ಅವರ ಪ್ರಶ್ನೆಗಳನ್ನು. ಇಲ್ಲಿ ಏನು ಸಿಗುತ್ತದೆ? ಇಲ್ಲಿನ ಮಳೆ ಯಾವ ದಿಕ್ಕಿನಿಂದ ಬರುತ್ತದೆ? ಈ ನೀರು ಎಲ್ಲಿಗೆ ಹೋಗಬೇಕು? ಈ ಖರ್ಚು ಅವಶ್ಯವೆ?

ಆ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಣ್ಣನ್ನು ತುಳಿದು ಹದ ಮಾಡಿ ಗೋಡೆ ಇಟ್ಟವರು, ಜಂಬಿಟ್ಟಿಗೆಯನ್ನು ಬಡಿದು ಸದ್ದಿನಿಂದಲೇ ಗಟ್ಟಿಯೆ ಪೊಳ್ಳೆ ಎಂದು ಹೇಳುವವರು, ಹೆಂಚಿನ ಮಾಡಿಗೆ ಎಷ್ಟು ಇಳುಕಲು ಬೇಕೆಂದು ಕಣ್ಣಳತೆಯಲ್ಲಿ ನಿರ್ಧರಿಸುವ ಆಚಾರಿಗಳು. ಇವರಲ್ಲಿ ಬಹುಮಂದಿ ಎಪ್ಪತ್ತು ದಾಟಿದವರು. ಇವರ ಮಕ್ಕಳು ಆ ಕಸುಬಿನಲ್ಲಿಲ್ಲ. ಇವರೊಡನೆ ಹೋಗುವ ಜ್ಞಾನ ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ. ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ: ಈ ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಹಳೆಯ ಮನೆಯನ್ನು ಅಳೆಯಲಿ, ಅದರ ಚಿತ್ರ ಬರೆಯಲಿ, ಅದನ್ನು ಕಟ್ಟಿದವರು ಬದುಕಿದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಲಿ. ಹಿರಿಯರಲ್ಲಿಯೂ ಒಂದು ವಿನಂತಿ: ಹೊಸ ಮನೆಯ ಯೋಚನೆಯಿದ್ದರೆ, ಜೆಸಿಬಿಯನ್ನು ಕರೆಸುವ ಮುನ್ನ ಒಂದು ಮಳೆಗಾಲ ಆ ಜಾಗವನ್ನು ನೋಡಿರಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿರಿ. ಕೆಡವಿದ ಮನೆಯ ಹೆಂಚು, ಹಲಗೆ, ಕಲ್ಲುಗಳನ್ನು ಮಾರದೆ ಇಟ್ಟುಕೊಳ್ಳಿರಿ.

ಲಾರಿ ಬೇಕರ್ ತೊಂಬತ್ತು ವರ್ಷ ಬದುಕಿದರು. ಅವರ ಕೈ ಕೊನೆಯವರೆಗೂ ಪೆನ್ಸಿಲ್ಲನ್ನು ಬಿಡಲಿಲ್ಲ, ಅವರ ಮನೆಯ ಬಾಗಿಲು ಬಂದವರಿಗೆ ಮುಚ್ಚಲಿಲ್ಲ. ದೊಡ್ಡ ಸಿದ್ಧಾಂತಗಳನ್ನು ಅವರು ಬಿಟ್ಟುಹೋಗಿಲ್ಲ. ಹೆಂಡತಿಯ ಕೆಲಸಕ್ಕೆ ಹೆಗಲು ಕೊಡುವುದು, ನೆರೆಯವರ ಮಾತಿಗೆ ಕಿವಿಗೊಡುವುದು, ಎಸೆಯುವ ಮುನ್ನ ಮತ್ತೊಮ್ಮೆ ನೋಡುವುದು, ಕೈಯಲ್ಲಿ ಆಗುವುದನ್ನು ಕೈಯಲ್ಲಿಯೇ ಮಾಡುವುದು, ಇಷ್ಟೇ. ಇವು ಯಾವ ಸರಕಾರದ ಮಂಜೂರಾತಿಯೂ ಬೇಡದ ಕೆಲಸಗಳು. ಮುಂದಿನ ಮಳೆಗಾಲಕ್ಕೆ ಇನ್ನು ಕೆಲವೇ ತಿಂಗಳುಗಳಿವೆ. ಮನೆಯ ಹಿಂದಿನ ಬಸಿಗಾಲುವೆಯನ್ನು ಬಿಡಿಸುವುದರಿಂದಲೇ ತೊಡಗಬಹುದು.